ಮೂರು ಬಡಿತಕ್ಕೆ ಬರುವ ಮೀನು

ಫೆಬ್ರವರಿ 3

ತಂಗಿ,

ನಾನು ಕ್ಷೇಮವಾಗಿಲ್ಲ, ಹಾಗಾಗಿ ಆ ಸಾಲು ಬರೆಯುವುದಿಲ್ಲ. ನಿನ್ನೆ ಅಂಗಡಿಯಲ್ಲಿ ಒಬ್ಬನಿಗೆ ಹೊಡೆದೆ.

ಹೊಡೆದದ್ದು ಮೀನುಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರಿಗೆ. ನಾನು ಗಾಜು ಕೊಯ್ಯುತ್ತಿದ್ದೆ. ನಾಲ್ಕಡಿ ಮೀನಿನ ತೊಟ್ಟಿಯೊಂದಕ್ಕೆ ಮುಂಭಾಗದ ಹಾಳೆ. ಕೊಯ್ಯುವಾಗ ಯಾರೂ ಮಾತಾಡಿಸಬಾರದು, ಗೆರೆ ಅಡ್ಡ ಹೋದರೆ ಇಡೀ ಹಾಳೆ ಕಸ. ಅವನು ಬಂದವನೇ ಬಾಗಿಲಿಗೆ ನಿಯಮಗಳ ಕಾಗದ ಅಂಟಿಸಿ, ಫೈಲು ಬಿಚ್ಚಿ, ರೈಲಿನ ಹೊತ್ತು ಕೂಗುವವನ ದನಿಯಲ್ಲಿ ಓದಲು ಶುರು ಮಾಡಿದ. ಹೊಸ ಕಾನೂನು ಬಂದಿದೆಯಂತೆ. ಪರದೇಶದ ಮೀನುಗಳದ್ದೊಂದು ಪಟ್ಟಿ. ಒಂದನೇ ನಿಯಮ, ಆ ಪಟ್ಟಿಯಲ್ಲಿರುವುದನ್ನು ಮಾರಬಾರದು, ತರಿಸಬಾರದು, ಮರಿ ಮಾಡಿಸಬಾರದು. ಎರಡನೇದು, ಹೊಳೆಗೆ ಕೆರೆಗೆ ಬಿಡಬಾರದು. ಆಗಲಿ ಸ್ವಾಮಿ, ನನ್ನ ಅಂಗಡಿಯಲ್ಲಿ ಇರುವುದೆಲ್ಲ ಬೆರಳುದ್ದದ ಬಣ್ಣದ ಮೀನು, ನೋಡಿಕೊಂಡು ಹೋಗಿ ಎಂದೆ. ಅವನ ಕಣ್ಣು ನೇರವಾಗಿ ಒಳಬಾಗಿಲ ಆಚೆ, ನಡುಮನೆಯ ದೊಡ್ಡ ತೊಟ್ಟಿಗೆ ಹೋಯಿತು.

"ಅದೇನ್ರೀ ಅದು?"

"ಮೀನು."

"ಮೀನು ಅಂತ ಗೊತ್ತು. ಯಾವ ಮೀನು?"

"ಮನೆ ಮೀನು."

ಅವನು ನಗಲಿಲ್ಲ. ಪಟ್ಟಿಯ ಮೇಲೆ ಬೆರಳು ಇಳಿಸಿದ. ನಮ್ಮ ಮೀನು ದೊರೆಯ ಚಿತ್ರ ಎರಡನೇ ಸಾಲಿನಲ್ಲೇ ಇತ್ತು, ಮೊಸಳೆ ಮೂತಿ, ಎರಡು ಸಾಲು ಹಲ್ಲು, ಎಲ್ಲ. ಆಮೇಲೆ ಮೂರನೇ ನಿಯಮ ಓದಿದ. ಮೂವತ್ತು ದಿನದೊಳಗೆ ಇಲಾಖೆಗೆ ತಿಳಿಸದಿದ್ದರೆ ಮೀನನ್ನು ವಶಪಡಿಸಿಕೊಂಡು ನಾಶ ಮಾಡಲಾಗುವುದು. ನಾಶ ಅಂದರೆ ಹೇಗೆ ಎಂದು ಕೇಳಿದೆ. "ಐಸಲ್ಲಿ ಹಾಕಿ ಮುಚ್ತೀವಿ" ಎಂದು ಹೇಳಿ ಮತ್ತೆ ಓದಲು ಬಗ್ಗಿದ. ಪಕ್ಕದ ತೊಟ್ಟಿಯ ಮೇಲಿದ್ದ ಒದ್ದೆ ಬಲೆ ನನ್ನ ಕೈಗೆ ಬಂತು. ಅದರ ಕಬ್ಬಿಣದ ಬಳೆ ಅವನ ಕೆನ್ನೆಯ ಮೂಳೆಗೆ ತಗುಲಿತು. ಚರ್ಮ ಸೀಳಿ ಬಿಳಿ ಕಂಡಿತು, ಆಮೇಲೆ ರಕ್ತ. ಫೈಲು ತೊಟ್ಟಿಗೆ ಬಿತ್ತು. ಬಾಗಿಲಿಗೆ ಅವನು ಅಂಟಿಸಿದ್ದ ಕಾಗದವನ್ನು ಕಿತ್ತು ಒಲೆಗೆ ಹಾಕಿದೆ.

ದೊರೆ ನಿನಗೆ ಗೊತ್ತು. ಬೆರಳುದ್ದ ಇದ್ದಾಗ ನಿನ್ನ ಅತ್ತಿಗೆ ಯಾರದೋ ಅಂಗಡಿಯಿಂದ ತಂದದ್ದು. ಹನ್ನೆರಡು ವರ್ಷ ಆಯಿತು, ಈಗ ಮೂರೂವರೆ ಅಡಿ. ಅವಳು ಲಟ್ಟಣಿಗೆಯಿಂದ ತೊಟ್ಟಿಯ ಮರದ ಪೀಠಕ್ಕೆ ಮೂರು ಸಲ ಬಡಿದು ಮಾಂಸದ ತುಂಡನ್ನು ನೀರಿಗೆ ಇಳಿಸುತ್ತಿದ್ದಳು. ಅದು ಎಲ್ಲಿದ್ದರೂ ಬಂದು ಬೆರಳಿನಿಂದಲೇ ತೆಗೆದುಕೊಳ್ಳುತ್ತಿತ್ತು, ಒಂದು ಗೀರು ಆಗುತ್ತಿರಲಿಲ್ಲ. ಅವಳು ಹೋಗಿ ಎರಡು ವರ್ಷ. ಈಗ ನಾನು ಬಡಿಯುತ್ತೇನೆ. ಬರುತ್ತದೆ. ಈ ಮನೆಯಲ್ಲಿ ಕರೆದರೆ ಬರುವುದು ಅದೊಂದೇ.

ನಿನ್ನ ಮನೆಯ ಹಿಂದೆ ಜೀವಂತ ಮೀನು ಇಡುವ ಹೊಂಡ ಇದೆಯಲ್ಲ, ಆರು ತಿಂಗಳು ಅಲ್ಲಿ ಬಿಡುತ್ತೇನೆ. ಗಲಾಟೆ ತಣ್ಣಗಾದ ಮೇಲೆ ಕರೆದುಕೊಂಡು ಬರುತ್ತೇನೆ. ಬೇಗ ಉತ್ತರ ಹಾಕು.

ನಿನ್ನ ಅಣ್ಣ


ಫೆಬ್ರವರಿ 11

ಅಣ್ಣ,

ನಿನ್ನ ಕಾಗದ ಓದಿದ ಮೇಲೆ ಒಂದು ದಿನ ಬಲೆ ಹೆಣೆಯಲು ಕೂರಲಾಗಲಿಲ್ಲ. ಅರವತ್ತಾರು ವರ್ಷದ ಮನುಷ್ಯ ಸರ್ಕಾರದವನ ಕೆನ್ನೆ ಸೀಳುತ್ತಾನೆ ಎಂದರೆ ಏನು ಹೇಳಲಿ?

ಮೀನನ್ನು ಇಲ್ಲಿಗೆ ತರಬೇಡ. ಹೊಂಡ ಬಿರುಕು ಬಿಟ್ಟಿದೆ, ನೀರು ನಿಲ್ಲುತ್ತಿಲ್ಲ. ಇವರೂ ಒಪ್ಪುವುದಿಲ್ಲ. ಯಾಕೆ ಎಂದು ಕೇಳಬೇಡ.

ಇಲಾಖೆಗೆ ಹೋಗಿ ತಪ್ಪಾಯಿತು ಎಂದು ಹೇಳು. ಇನ್ನೊಂದು ಪ್ರತಿ ಕೇಳಿ ತೆಗೆದುಕೊಂಡು ಎದುರು ಮನೆಯ ಮೇಷ್ಟ್ರ ಹತ್ತಿರ ಪೂರ್ತಿ ಓದಿಸು. ಪೂರ್ತಿ. ನೀನು ಯಾವುದನ್ನೂ ಕೊನೆಯವರೆಗೆ ಕೇಳಿದವನಲ್ಲ. ನನ್ನ ಮದುವೆ ಮಾತಿನ ದಿನ ನೆನಪಿದೆಯಾ? ಇವರು "ನಿಮ್ಮ ತಂಗಿ ಬೇಡ" ಎನ್ನುವಷ್ಟರಲ್ಲಿ ನಿನ್ನ ಮುಷ್ಟಿ ಇವರ ಬಾಯಲ್ಲಿತ್ತು. "ಅಂದ್ರೆ ಹೊರಟು ಹೋಗ್ತೀನಿ" ಎನ್ನುವುದನ್ನು ರಕ್ತ ಉಗುಳಿಕೊಂಡು ಹೇಳಿ ಮುಗಿಸಿದರು. ಆ ಮುಂದಿನ ಹಲ್ಲಿನ ಜಾಗ ಇವತ್ತೂ ಖಾಲಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಣ್ಣ.

ಅತ್ತಿಗೆ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದಳು. ಅವಳ ಮಾತನ್ನು ನೀನು ಅರ್ಧವಾದರೂ ಕೇಳುತ್ತಿದ್ದೆ.

ತಂಗಿ


ಫೆಬ್ರವರಿ 26

ತಂಗಿ,

ಆ ಹೊಂಡ ಕಟ್ಟಿದವನು ಯಾರು? ನಾನು. ಎಂಟು ದಿನ ನಿಮ್ಮ ಹಿತ್ತಲಲ್ಲಿ ಮೊಣಕಾಲು ಊರಿ ಸಿಮೆಂಟು ಮೆತ್ತಿದವನು ನಾನು. ನಾನು ಕಟ್ಟಿದ್ದು ಬಿರುಕು ಬಿಡುವುದಿಲ್ಲ. ಸುಳ್ಳು ಹೇಳುವಾಗ ಎದುರಿಗೆ ಯಾರಿದ್ದಾರೆ ಎಂದು ನೋಡಿಕೊಂಡು ಹೇಳಬೇಕು.

ನನಗೆ ಎಲ್ಲ ಅರ್ಥವಾಯಿತು. ಮೂವತ್ತೈದು ವರ್ಷದ ಹಿಂದಿನ ಒಂದು ಹಲ್ಲು. ನಿನ್ನ ಗಂಡ ಅದನ್ನು ಇನ್ನೂ ಅಗಿಯುತ್ತಿದ್ದಾನೆ. ಇರಲಿ.

ಇನ್‌ಸ್ಪೆಕ್ಟರು ಇಪ್ಪತ್ತನೇ ತಾರೀಕು ಮತ್ತೆ ಬಂದ, ಕೆನ್ನೆಗೆ ಪಟ್ಟಿ ಹಾಕಿಕೊಂಡು, ಇಬ್ಬರು ಪೇದೆಗಳ ಜೊತೆ. ನಾನು ಷಟರ್ ಎಳೆದೆ. ಅವರು ಒದ್ದರು. ಷಟರ್ ಒಳಕ್ಕೆ ಬಾಗಿ ತೊಟ್ಟಿಗಳನ್ನು ಜೋಡಿಸಿದ್ದ ಕಬ್ಬಿಣದ ಚೌಕಟ್ಟಿಗೆ ಬಡಿಯಿತು. ಮೂರು ಸಾಲು ತೊಟ್ಟಿ ಒಂದರ ಮೇಲೊಂದು ಕುಸಿದವು. ಮೊಣಕಾಲುದ್ದ ನೀರು ಬಾಗಿಲು ದಾಟಿ ಬೀದಿಗೆ ನುಗ್ಗಿತು. ಒಬ್ಬ ಪೇದೆ ಜಾರಿ ಗಾಜಿನ ಮೇಲೆ ಕೂತ. ಅವನ ಕೂಗು ಕೇಳಿ ಇನ್ನೊಬ್ಬ ಲಾಠಿ ಬೀಸಿದ, ನನ್ನ ಮೊಣಕೈಗೆ ಬಿತ್ತು. ನಾನು ಒಂದು ಗಾಜಿನ ಚೂರು ಹಿಡಿದು ನಿಂತೆ. ಹಿಡಿದವನ ಅಂಗೈಯೇ ಮೊದಲು ಕೊಯ್ಯುತ್ತದೆ ಎಂದು ನಲವತ್ತು ವರ್ಷ ಗಾಜು ಮುಟ್ಟಿದವನಿಗೆ ನೆನಪಾಗಲಿಲ್ಲ. ಏಳು ಹೊಲಿಗೆ. ಬೀದಿಯಲ್ಲಿ ಬಣ್ಣದ ಮೀನುಗಳು ಕುಣಿದು ಕುಣಿದು ನಿಂತವು. ಕಾಗೆಗಳು ಬಂದವು.

ಎರಡು ದಿನ ಠಾಣೆಯಲ್ಲಿ ಕೂರಿಸಿ ಬಿಟ್ಟರು. ನಡುಮನೆಯ ತೊಟ್ಟಿ ನೋಡಿದರಂತೆ, ಖಾಲಿ ಇತ್ತು. ದೊರೆ ಅದಕ್ಕೂ ಮೂರು ದಿನ ಮೊದಲೇ ಸತ್ತಿತು. ಹಿತ್ತಲಲ್ಲಿ ಹೂತೆ. ವಿಷಯ ಮುಗಿಯಿತು, ಅದರ ಸುದ್ದಿ ಇನ್ನು ಎತ್ತಬೇಡ.

ನೀವು ದೋಣಿಕಟ್ಟೆಗೆಲ್ಲ ನೀಲಿ ಬಣ್ಣ ಬಳಿದುಕೊಂಡು ಮೆರೆಯಿರಿ. ಒಡಹುಟ್ಟಿದವನ ಒಂದು ಮೀನಿಗೆ ಜಾಗ ಇಲ್ಲ.

ಅಣ್ಣ


ಏಪ್ರಿಲ್ 30

ಅಣ್ಣ,

ಎರಡು ತಿಂಗಳು ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಈಗ ಬರೆಯಲೇಬೇಕು.

ಮಾರ್ಚ್ ಕೊನೆಯಿಂದ ನಮ್ಮ ಕೆರೆಯಲ್ಲಿ ಬಲೆಗಳು ಹರಿದು ಬರುತ್ತಿದ್ದವು. ಸಣ್ಣ ಹರಕಲ್ಲ. ನಾನು ಹೆಣೆದ ಬಲೆಯಲ್ಲಿ ಆಳು ತೂರುವಷ್ಟು ತೂತು. ಹಿಡಿದ ಮೀನು ಅರ್ಧರ್ಧ ಸಿಗುತ್ತಿತ್ತು, ತಲೆ ಬಲೆಯಲ್ಲಿ, ಉಳಿದದ್ದು ಇಲ್ಲ. ಹುಡುಗರನ್ನು ಈಜಲು ಬಿಡಬೇಡಿ ಎಂದು ಇವರು ಮನೆ ಮನೆಗೆ ಹೋಗಿ ಹೇಳಿ ಬಂದರು.

ಕಳೆದ ಇಪ್ಪತ್ನಾಲ್ಕನೇ ತಾರೀಕು ಬೆಳಗ್ಗೆ ಇವರು ಇನ್ನಿಬ್ಬರ ಜೊತೆ ಪೂರ್ವದ ಮೂಲೆಗೆ ಹೋಗಿದ್ದರು. ಇಲ್ಲಿನ ಕೆಲಸ ನೀನು ನೋಡಿದ್ದೀಯ. ಬಲೆ ಬಿಟ್ಟ ಮೇಲೆ ಹುಟ್ಟಿನಿಂದ ದೋಣಿಯ ಅಂಚಿಗೆ ಬಡಿಯುತ್ತಾರೆ, ಮೀನು ಹೆದರಿ ಬಲೆಯ ಕಡೆ ಓಡಲಿ ಎಂದು. ಇವರು ಬಡಿದರು, ನಿಲ್ಲಿಸಿದರು, ಬಲೆಯ ಹಗ್ಗ ಸರಿ ಮಾಡಲು ಬಗ್ಗಿ ಕೈ ನೀರಿಗೆ ಇಳಿಸಿದರು. ದೋಣಿಯ ಅಡಿಯಿಂದ ಅದು ಬಂತು. ಬಡಿದರೆ ಮೀನು ಓಡಬೇಕು ಅಣ್ಣ. ಅದು ಬಂತು. ಹಗ್ಗದ ಸಮೇತ ಕೈ ಹಿಡಿಯಿತು. ಇವರು ಎಳೆದರು, ಅದೂ ಎಳೆಯಿತು. ಜೊತೆಯವನು ಹುಟ್ಟಿನಿಂದ ಅದರ ತಲೆಗೆ ಬಡಿದು ಬಡಿದು ಬಿಡಿಸಿದನಂತೆ. ಬಲಗೈಯ ಎರಡು ಬೆರಳು ಹೋದವು. ಅಂಗೈ ಅರ್ಧ ಸೀಳಿದೆ. ದೋಣಿ ಕಟ್ಟೆಗೆ ಬಂದಾಗ ತಳದಲ್ಲಿ ನಿಂತಿದ್ದ ನೀರೆಲ್ಲ ಕೆಂಪಾಗಿತ್ತು.

ಕೆಟ್ಟದ್ದು ಅಲ್ಲಿಗೆ ಮುಗಿಯಲಿಲ್ಲ. ಯಾರೋ ಮೊಸಳೆ ಮೂತಿ ಎಂದರು. ಇನ್ನಾರೋ, ಇದು ಕೆರೆಯ ಮೀನಲ್ಲ, ಗಾಜಿನ ತೊಟ್ಟಿಯದು ಎಂದರು. ಬಸ್ ನಿಲ್ದಾಣದ ಹಿಂದೆ ಒಬ್ಬನ ಅಂಗಡಿ ಇದೆ, ಬಣ್ಣದ ಮೀನಿನವನು ಎಂದೇ ಕರೆಯುತ್ತೇವೆ, ದಪ್ಪ ಕನ್ನಡಕದ ಸಾಧು ಮನುಷ್ಯ. ಐವತ್ತು ಜನ ಹುಟ್ಟು ಹಿಡಿದುಕೊಂಡು ಹೋದರು. ಎಲ್ಲ ತೊಟ್ಟಿ ಒಡೆದರು. ಚೂರಿನ ಮೇಲೆ ಬರಿಗಾಲಲ್ಲಿ ನಡೆಸಿದರು. ಬಿದ್ದವನನ್ನು ಬಿದ್ದಲ್ಲೇ ಹೊಡೆದರು. ಅವನು "ಗೋಡೆ ನೋಡಿ, ಗೋಡೆ ಮೇಲೆ ಕಾಗದ ಇದೆ ನೋಡಿ" ಎಂದು ಕೂಗುತ್ತಲೇ ಇದ್ದನಂತೆ. ಯಾರೂ ಗೋಡೆ ನೋಡಲಿಲ್ಲ. ಈಗ ಆಸ್ಪತ್ರೆಯಲ್ಲಿದ್ದಾನೆ. ಕಾಲು ನಂಜೇರಿದೆ.

ನಾನು ಒಂದೇ ಒಂದು ಕೇಳುತ್ತೇನೆ. ದೊರೆಯನ್ನು ಹಿತ್ತಲಲ್ಲಿ ಎಲ್ಲಿ ಹೂತೆ?

ಇನ್ನೊಂದು ಮಾತು. ದೋಣಿಕಟ್ಟೆಗೆ ನೀಲಿ ಬಣ್ಣ ಬಳಿದದ್ದು ಈ ಜನವರಿಯಲ್ಲಿ. ನೀನು ಇಲ್ಲಿಗೆ ಕೊನೆಯ ಸಲ ಬಂದು ನಾಲ್ಕು ವರ್ಷ. ನಾನು ಬರೆದಿರಲಿಲ್ಲ. ನಿನಗೆ ಯಾರು ಹೇಳಿದರು?

ತಂಗಿ


ಮೇ 5

ತಂಗಿ,

ಗಾಜು ತರುವ ಲಾರಿಯವನು ಹೇಳಿದ. ಅವನು ನಿಮ್ಮೂರ ಮೇಲೆ ಹೋಗುತ್ತಿರುತ್ತಾನೆ. ಬಣ್ಣ ನೋಡುವುದೂ ಅಪರಾಧವೇ?

ಒಡಹುಟ್ಟಿದ ಅಣ್ಣನನ್ನು ಪೊಲೀಸಿನವರ ಹಾಗೆ ವಿಚಾರಣೆ ಮಾಡುತ್ತೀಯ. ಹೂತ ಜಾಗ ಹೂತವನಿಗೆ ಗೊತ್ತು. ಭಾವನ ಕೈಗೆ ಒಳ್ಳೆ ಡಾಕ್ಟರನ್ನು ನೋಡಿ, ಊರಿನ ಕಾಂಪೌಂಡರ ಕೈಗೆ ಕೊಡಬೇಡಿ.

ಒಂದು ತಿಳಿಸು. ಭಾವ ಮೂರೇ ಸಲ ಬಡಿದು ನಿಲ್ಲಿಸಿದನಾ?

ಅಣ್ಣ


ಮೇ 11

ಅಣ್ಣ,

ನಾನು ಎಷ್ಟು ಸಲ ಬಡಿದರು ಎಂದು ಬರೆದಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಇವರನ್ನು ಕೇಳಿದೆ. ಮಾಮೂಲಿಗೆ ಇಪ್ಪತ್ತು ಮೂವತ್ತು ಸಲ ಬಡಿಯುತ್ತಾರೆ. ಅವತ್ತು ಹಗ್ಗ ಸಿಕ್ಕಿಕೊಂಡಿತು ಎಂದು ಮೂರಕ್ಕೇ ನಿಲ್ಲಿಸಿದರಂತೆ.

ಅತ್ತಿಗೆಯ ಲಟ್ಟಣಿಗೆ ನನ್ನ ಕಣ್ಣ ಮುಂದೆ ಬಂತು. ಮರಕ್ಕೆ ಮರ. ಮೂರು. ಆಮೇಲೆ ಕೈ. ಪಾಪ, ಅದು ಊಟಕ್ಕೆ ಕರೆದರು ಎಂದುಕೊಂಡು ಬಂತು. ಕೈಯಲ್ಲಿ ಮಾಂಸ ಇಲ್ಲದಿದ್ದಾಗ ಇದ್ದದ್ದನ್ನೇ ತೆಗೆದುಕೊಂಡಿತು.

ನಾನೂ ನಿನಗೆ ಸುಳ್ಳು ಹೇಳಿದ್ದೆ, ಒಪ್ಪುತ್ತೇನೆ. ಹೊಂಡ ಚೆನ್ನಾಗಿದೆ. ನಿಜ ಏನೆಂದರೆ, ಈ ಕಾನೂನು ತನ್ನಿ ಎಂದು ಅರ್ಜಿ ಬರೆದವರಲ್ಲಿ ಇವರೇ ಮೊದಲು. ಮೀನುಗಾರರ ಸಂಘದ ಅಧ್ಯಕ್ಷರು ಇವರು, ಮೊದಲ ಸಹಿ ಇವರದು. ಯಾರ್ಯಾರೋ ಸಾಕಿ ಬೇಸರವಾಗಿ ಬಿಟ್ಟ ಪರದೇಶದ ಮೀನುಗಳು ನಮ್ಮ ಮೀನಿನ ಮೊಟ್ಟೆ ತಿಂದು ಮುಗಿಸುತ್ತಿದ್ದವು. ನಿನ್ನ ದೊರೆಯನ್ನು ನಾಶ ಮಾಡುವ ಕಾಗದಕ್ಕೆ ನನ್ನ ಗಂಡ ಸಹಿ ಹಾಕಿದ್ದಾರೆ ಎಂದು ನಿನಗೆ ಹೇಗೆ ಬರೆಯಲಿ? ನಿನ್ನ ಮುಷ್ಟಿಗೆ ಹೆದರಿದೆ. ಬರೆದಿದ್ದರೆ ಒಳ್ಳೆಯದಿತ್ತು. ಬಂದು ಇವರ ಇನ್ನೊಂದು ಹಲ್ಲು ಉದುರಿಸುತ್ತಿದ್ದೆ, ಬೆರಳು ಉಳಿಯುತ್ತಿದ್ದವು.

ಬಣ್ಣದ ಮೀನಿನವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅವನ ಹೆಂಡತಿ ಇಲ್ಲಿಗೆ ಬಂದು ನಮ್ಮ ಜಗುಲಿಯ ಮೇಲೆ ಕೂತಳು. ಇವರ ಕಟ್ಟು ಹಾಕಿದ ಕೈ ನೋಡಿದಳು, ನೋಡಿ ಎದ್ದು ಹೋದಳು.

ಸಂಘದವರು ತೀರ್ಮಾನ ಮಾಡಿದ್ದಾರೆ. ಇಪ್ಪತ್ತೆರಡನೇ ತಾರೀಕು ಪೂರ್ವದ ಮೂಲೆಗೆ ಅಡ್ಡ ಕಟ್ಟಿ ವಿಷ ಹಾಕುತ್ತಾರೆ. ಅದರ ಜೊತೆ ಅಲ್ಲಿರುವ ಮೀನು, ಮರಿ, ಆಮೆ ಎಲ್ಲ ಹೋಗುತ್ತವೆ. ಮೂರು ವರ್ಷ ಆ ಕಡೆ ಬಲೆ ಬಿಡುವಂತಿಲ್ಲ. ಇವರು ಎಡಗೈಯಲ್ಲಿ ಸಹಿ ಹಾಕಿದರು.

ನಾನು ಇವರಿಗೆ ಇನ್ನೂ ಹೇಳಿಲ್ಲ. ಹೇಳಬೇಕಾದವಳು ನಾನಲ್ಲ. ನೀನು ಬಂದು ಹೇಳುವವರೆಗೆ ನನಗೆ ಬರೆಯಬೇಡ. ಬರೆದರೂ ಒಡೆಯುವುದಿಲ್ಲ.

ತಂಗಿ


ಜೂನ್ 2

ತಂಗಿ,

ಈಗ ಒಡೆಯಬಹುದು. ಬಂದು ಹೇಳಿದ್ದೇನೆ.

ನಿನ್ನ ಮನೆಯಿಂದ ಈ ಆಸ್ಪತ್ರೆಗೆ ನಡೆದು ಬಂದರೆ ಕಾಲು ಗಂಟೆ ಅಂತೆ. ಹತ್ತಕ್ಕಿಂತ ಹೆಚ್ಚು ದಿನವಾಯಿತು, ನೀನು ಬಂದಿಲ್ಲ. ಬರಬೇಕೆಂದೂ ಹೇಳುವುದಿಲ್ಲ. ಆದರೆ ನಡೆದದ್ದನ್ನು ಊರವರ ಬಾಯಲ್ಲಿ ಕೇಳಬೇಡ. ಅವರು ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ನಾನೂ ಅದೇ ಜಾತಿ, ಅದಕ್ಕೇ ಹೇಳುತ್ತಿದ್ದೇನೆ. ದವಡೆಗೆ ತಂತಿ ಹಾಕಿದ್ದಾರೆ, ಹೆಚ್ಚು ಮಾತಾಡಲು ಆಗುವುದಿಲ್ಲ. ಬರೆಯಲು ಆಗುತ್ತದೆ.

ಮೊದಲು ತಂದು ಬಿಟ್ಟ ವಿಷಯ. ಫೆಬ್ರವರಿ ಹದಿನೇಳು, ಮಧ್ಯಾಹ್ನ, ನಿಮ್ಮವರೆಲ್ಲ ಉಂಡು ಮಲಗುವ ಹೊತ್ತು. ಗಾಜಿನ ಲಾರಿಯಲ್ಲಿ, ದೊಡ್ಡ ಡ್ರಮ್ಮಿನಲ್ಲಿ ತಂದೆ. ದಾರಿಯಲ್ಲಿ ಹತ್ತು ಕೆರೆ ಸಿಕ್ಕಿದವು. ನಿನ್ನದೇ ಆರಿಸಿದೆ. ಅರ್ಧ ಕೋಪಕ್ಕೆ. ಇನ್ನರ್ಧ, ನೀನಿರುವ ನೀರು, ಅದಕ್ಕೇನೂ ಆಗುವುದಿಲ್ಲ ಎಂದು. ಎರಡೂ ಒಟ್ಟಿಗೆ ಒಂದೇ ಎದೆಯಲ್ಲಿ ಇದ್ದವು. ನಂಬುವುದಾದರೆ ನಂಬು. ಕಟ್ಟೆಯ ನೀಲಿ ಬಣ್ಣ ಇನ್ನೂ ಹೊಸದು, ಡ್ರಮ್ಮು ಎಳೆಯುವಾಗ ಕಟ್ಟೆಗೆ ಉಜ್ಜಿ ನನ್ನ ಅಂಗಿಗೂ ಹತ್ತಿತ್ತು.

ಮೇ ಇಪ್ಪತ್ತರಂದು ಬಸ್ಸಿನಲ್ಲಿ ಬಂದೆ. ಚೀಲದಲ್ಲಿ ಲಟ್ಟಣಿಗೆ, ಕೈಗೊಡಲಿ, ಮಾಂಸದ ಪೊಟ್ಟಣ. ಕಟ್ಟೆಯ ಮುದುಕನೊಬ್ಬನ ಹತ್ತಿರ ದೋಣಿ ಕೇಳಿದೆ. ಪೂರ್ವದ ಮೂಲೆಗೆ ಹೋಗಬೇಡಿ ಎಂದ. ಅಲ್ಲಿಗೇ ಹೋಗುವುದು ಎಂದೆ. ಸಾಯುವ ಆಸೆಯಿದ್ದರೆ ದೋಣಿಯನ್ನಾದರೂ ವಾಪಸ್ ಕಳಿಸಿ ಎಂದು ಹೇಳಿ ಹಗ್ಗ ಬಿಚ್ಚಿದ.

ಅಂಚಿಗೆ ಮೂರು ಸಲ ಬಡಿದೆ. ಬರಲಿಲ್ಲ. ಸ್ವಲ್ಪ ಮುಂದೆ ಹೋಗಿ ಮತ್ತೆ ಮೂರು. ಬರಬೇಡ, ಬರಬೇಡ ಎಂದುಕೊಂಡೇ ಬಡಿದೆ. ನಾಲ್ಕನೇ ಜಾಗದಲ್ಲಿ ನೀರು ಸೀಳಿತು.

ದಪ್ಪವಾಗಿತ್ತು ತಂಗಿ. ತಲೆಯ ಮೇಲೆ ಹುಟ್ಟಿನ ಏಟು ಬಿದ್ದಲ್ಲಿ ಚಿಪ್ಪು ಎದ್ದು ಬಿಳಿ ಮಾಂಸ ಕಾಣುತ್ತಿತ್ತು. ಮೂತಿಗೆ ಬಲೆಯ ತುಂಡು ಸುತ್ತಿಕೊಂಡಿತ್ತು, ನೀನು ಹಾಕುವ ಗಂಟೇ ಇರಬೇಕು. ದೋಣಿಯ ಪಕ್ಕ ನಿಂತು ಬಾಯಿ ತೆರೆಯಿತು, ನಡುಮನೆಯ ತೊಟ್ಟಿಯಲ್ಲಿ ತೆರೆಯುತ್ತಿದ್ದ ಹಾಗೇ. ಕೈ ಇಳಿಸಿದೆ. ತುಂಡನ್ನು ಬೆರಳಿನಿಂದ ತೆಗೆದುಕೊಂಡಿತು. ನನಗೆ ಒಂದು ಗೀರೂ ಆಗಲಿಲ್ಲ. ಪೊಟ್ಟಣ ಮುಗಿಯುವವರೆಗೂ ತಿನ್ನಿಸಿದೆ.

ಆಮೇಲೆ ಕೊಡಲಿ. ಮೊದಲನೇ ಏಟು ಜಾರಿತು. ಅದರ ಚಿಪ್ಪು ಹೆಂಚಿನಂತೆ, ಕಬ್ಬಿಣ ಹಿಂದಕ್ಕೆ ಚಿಮ್ಮಿತು. ಅದು ಓಡಿಹೋಗಬೇಕಿತ್ತು. ಓಡಲಿಲ್ಲ. ಒಂದು ಸುತ್ತು ಹಾಕಿ ಬಾಯಿ ತೆರೆದುಕೊಂಡು ಮತ್ತೆ ನನ್ನ ಹತ್ತಿರವೇ ಬಂತು. ಎರಡನೇದು ಕಣ್ಣಿನ ಹಿಂದೆ ಇಳಿಯಿತು. ಕೊಡಲಿ ಸಿಕ್ಕಿಕೊಂಡಿತು. ಅದು ಒದ್ದಾಡಿದ ರಭಸಕ್ಕೆ ನಾನು ಹಲಗೆಯ ಮೇಲೆ ಬಿದ್ದು ಎದೆಗೂಡಿಗೆ ಪೆಟ್ಟಾಯಿತು. ಕಾಲು ಊರಿ ಕಿತ್ತು ಮತ್ತೆ ಹೊಡೆದೆ. ಎಷ್ಟು ಸಲ ಎಂದು ಎಣಿಸಲಿಲ್ಲ. ನನ್ನ ಬಾಯಿಗೆಲ್ಲ ಅದರ ರಕ್ತ ಸಿಡಿದಿತ್ತು. ನಿಂತ ಮೇಲೂ ಅದರ ದವಡೆ ಬಹಳ ಹೊತ್ತು ಆಡುತ್ತಿತ್ತು. ನಿನ್ನ ಅತ್ತಿಗೆಗೆ ಆಡಿದ ಎಲ್ಲ ಕೆಟ್ಟ ಮಾತಿಗಿಂತ ಆ ಮಧ್ಯಾಹ್ನ ಕೆಟ್ಟದ್ದು.

ಕಟ್ಟೆಗೆ ಎಳೆದು ತಂದು ಹಾಕಿದೆ. ಜನ ಸೇರಿದರು. ನಿನ್ನ ಗಂಡನೂ ಬಂದ, ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು. ಯಾರೋ ನನ್ನ ಬೆನ್ನು ತಟ್ಟಿ, ಭೇಷ್ ತಾತ ಎಂದ. ಆ ಭೇಷನ್ನು ಇಟ್ಟುಕೊಂಡು ಬಸ್ಸು ಹತ್ತಬಹುದಿತ್ತು. ಹತ್ತಬೇಕು ಎಂದು ಒಂದು ಗಳಿಗೆ ಅನ್ನಿಸಿತು ಕೂಡ, ಮುಚ್ಚಿಡುವುದಿಲ್ಲ.

"ಇದು ನಂದು" ಎಂದೆ. "ತಂದು ಬಿಟ್ಟವನೂ ನಾನೇ. ಆ ಅಂಗಡಿಯವನು ಅಲ್ಲ."

ಮೊದಲನೇ ಏಟು ನಿನ್ನ ಗಂಡನದು. ಎಡಗೈ. ಎಡಗೈಯಲ್ಲಿ ಅಷ್ಟು ಬಲ ಇದೆ ಎಂದು ಅವನಿಗೂ ಗೊತ್ತಿರಲಿಲ್ಲ, ಹೊಡೆದು ಅವನೇ ಕೈ ನೋಡಿಕೊಂಡ. ಎರಡು ಹಲ್ಲು ಹೋದವು, ಒಂದು ಹಳೆಯದಕ್ಕೆ, ಒಂದು ಹೊಸದಕ್ಕೆ. ಆಮೇಲೆ ಉಳಿದವರು. ಹುಟ್ಟು, ಕಾಲು, ಕಲ್ಲು. ನಾನು ಕೈ ಎತ್ತಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಹೊಡೆತವನ್ನು ಕೊನೆಯವರೆಗೆ ತಿಂದೆ. ನಾಲ್ಕು ಪಕ್ಕೆಲುಬು, ಒಂದು ಭುಜ, ದವಡೆ. ಒಬ್ಬ ಹುಟ್ಟನ್ನು ನನ್ನ ತಲೆಯ ನೇರಕ್ಕೆ ಎತ್ತಿದಾಗ ನಿನ್ನ ಗಂಡ "ಸಾಕು" ಎಂದ. ಅಷ್ಟೇ ಹೇಳಿದ್ದು. ತಳ್ಳುಗಾಡಿ ತರಿಸಿದವನೂ ಅವನೇ ಅಂತೆ. ಕೆರೆಗೆ ವಿಷ ಹಾಕುವುದು ನಿಂತಿತು ಎಂದು ಇಲ್ಲಿನ ನರ್ಸಮ್ಮ ಹೇಳಿದಳು. ಅದೊಂದು ಒಳ್ಳೆ ಸುದ್ದಿ.

ಇನ್ನು ಬೇರೊಂದು ವಿಷಯ. ಅದಕ್ಕೇ ಈ ಕಾಗದ.

ನನ್ನ ಪಕ್ಕದ ಮಂಚ ಬಣ್ಣದ ಮೀನಿನವನದು. ಬೇರೆ ಮಂಚ ಖಾಲಿ ಇರಲಿಲ್ಲವಂತೆ. ನಾನು ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಇವನೂ ಮೀನುಗಾರರ ಏಟು ತಿಂದವನು ಎಂದು ಮಾತ್ರ ಗೊತ್ತು, ಅದಕ್ಕೆ ನನ್ನ ಮೇಲೆ ಮರುಕ. ತನ್ನ ಹಣ್ಣಿನ ರಸ ನನಗೆ ಕೊಡಿಸಿದ. ನಾನು ಕುಡಿದೆ. ಎರಡನೇ ದಿನ ದಿಂಬಿನ ಕೆಳಗಿಂದ ಒಂದು ಕಾಗದ ತೆಗೆದ. ಅಂಗಡಿಯ ಗೋಡೆಯ ಮೇಲೆ ಇದ್ದದ್ದು, ಚೌಕಟ್ಟಿನ ಗಾಜು ಒಡೆದು ಅಂಚು ಹರಿದಿತ್ತು. ಅವನ ಅಂಗಡಿಯಲ್ಲಿ ಪಟ್ಟಿಯ ಮೀನು ಒಂದಿತ್ತಂತೆ, ಮುದಿಯದು, ಮಾರಾಟಕ್ಕಲ್ಲ. ಅದಕ್ಕೆ ಇಲಾಖೆಯ ಮುದ್ರೆ ಒತ್ತಿದ ಕಾಗದ. ಹಿಂದೆ ನಿಯಮಗಳು. ಸಣ್ಣ ಅಕ್ಷರ, ನನ್ನ ಕಣ್ಣಿಗೆ ಇರುವೆ ಸಾಲು. ಓದಿ ಎಂದೆ. ಓದಿದ. ಒಂದು, ಎರಡು, ಮೂರು. ಅಲ್ಲಿಯವರೆಗೆ ನನಗೆ ಬಾಯಿಪಾಠ. ಅವನು ನಿಲ್ಲಿಸಲಿಲ್ಲ.

ನಾಲ್ಕನೇ ನಿಯಮ ಹೀಗಿದೆ. ಕಾನೂನು ಬರುವ ಮೊದಲಿನಿಂದಲೇ ಸಾಕಿಕೊಂಡಿರುವವರು ಮೂವತ್ತು ದಿನದೊಳಗೆ ತಾವಾಗಿ ತಿಳಿಸಿದಲ್ಲಿ, ಮುಚ್ಚಳವಿರುವ ತೊಟ್ಟಿಯಲ್ಲಿ, ಮರಿ ಮಾಡಿಸದೆ, ಆ ಮೀನನ್ನು ಅದು ಸಾಯುವವರೆಗೆ ತಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದು.

ಇನ್ನೊಂದು ಸಲ ಓದಿಸಿದೆ. ಇನ್ನೊಂದು ಸಲ. ಅವನು ಪಾಪ, ಮುದುಕನಿಗೆ ಕಿವಿ ಮಂದ ಎಂದುಕೊಂಡು ಜೋರಾಗಿ ಓದಿದ.

ಇನ್‌ಸ್ಪೆಕ್ಟರು ಬಗ್ಗಿ ಮತ್ತೆ ಓದಲು ಹೊರಟಿದ್ದು ಅದನ್ನು. ನಾನು ಮೂರನೇ ತರಗತಿಗೆ ಶಾಲೆ ಬಿಟ್ಟವನು, ಮೂರನೇ ನಿಯಮಕ್ಕೆ ಕೈ ಎತ್ತಿದೆ. ನಾಲ್ಕು ಎನ್ನುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಒಂದು ಮುಚ್ಚಳ ತಂಗಿ. ನಾನು ದಿನಕ್ಕೆ ನಾಲ್ಕು ಮುಚ್ಚಳ ಕೊಯ್ಯುವವನು. ಪೂರ್ತಿ ಓದಿಸು ಎಂದು ನೀನೂ ಬರೆದಿದ್ದೆ.

ಮೂರನೇ ದಿನ ಅವನಿಗೆ ಎಲ್ಲ ಹೇಳಿದೆ. ತಂತಿಯ ಸಂದಿಯಿಂದ ಒಂದೊಂದೇ ಮಾತು. ಮೀನು, ಲಟ್ಟಣಿಗೆ, ಡ್ರಮ್ಮು, ಕೊಡಲಿ. ಅವನು ಕೇಳಿದ. ಕನ್ನಡಕ ತೆಗೆದು ಗೋಡೆಯ ಕಡೆ ತಿರುಗಿ ಮಲಗಿದ. ಅಲ್ಲಿಂದ ಒಂದು ವಾರಕ್ಕೂ ಹೆಚ್ಚು ಅವನ ಬೆನ್ನು ಮಾತ್ರ ನೋಡಿದೆ. ಹಣ್ಣಿನ ರಸ ಬರಲಿಲ್ಲ. ಅವನ ಹೆಂಡತಿ ಬಂದು ಹೋಗುವಾಗ ನನ್ನ ಮಂಚವನ್ನು ಸುತ್ತು ಹಾಕಿಕೊಂಡು ಹೋದಳು.

ನಿನ್ನೆ ಬೆಳಗ್ಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದೆ. ಹಿಂದಿನಿಂದ ಟಕ್, ಟಕ್, ಟಕ್ ಎಂದು ಕೇಳಿಸಿತು. ಮರಕ್ಕೆ ಮರ. ಮುರಿದ ಪಕ್ಕೆಲುಬು ಮರೆತು ಗಕ್ಕನೆ ತಿರುಗಿದೆ. ಅವನು ಎದ್ದು ಕೂತಿದ್ದ. ಊರುಗೋಲಿನಿಂದ ಪಕ್ಕದ ಸ್ಟೂಲಿಗೆ ಬಡಿದಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ.

"ಹೀಗೇ ಬರ್ತಿತ್ತಾ?" ಎಂದ.

"ಹೂಂ" ಎಂದೆ.

ಅದಾದ ಮೇಲೆ ಊರುಗೋಲನ್ನು ನನ್ನ ಕಡೆಯಿಂದ ಎತ್ತಿ ಆಚೆ ಬದಿಗೆ ಇಟ್ಟುಕೊಂಡ. ಅದು ಕೋಪವೋ, ಇನ್ನು ಬಡಿಯುವುದಿಲ್ಲ ಎಂದು ಹೇಳಿದ್ದೋ, ನನಗೆ ಗೊತ್ತಾಗಲಿಲ್ಲ. ಈ ಸಲ ಅರ್ಧಕ್ಕೇ ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ.

ಮೂಳೆ ಕೂಡಿದ ಮೇಲೆ ಎರಡನೇ ನಿಯಮದಡಿ ನನ್ನನ್ನು ಕರೆದೊಯ್ಯುತ್ತಾರೆ. ಇನ್‌ಸ್ಪೆಕ್ಟರನ ಕೆನ್ನೆಯ ಕೇಸೂ ಇದೆ. ಕೊಡಲಿಯನ್ನೂ ಲಟ್ಟಣಿಗೆಯನ್ನೂ ಪೊಲೀಸರು ಸಾಕ್ಷಿಗೆಂದು ಚೀಟಿ ಕಟ್ಟಿ ಇಟ್ಟುಕೊಂಡಿದ್ದಾರೆ. ವಾಪಸ್ ಕೊಟ್ಟರೂ ನನಗೆ ಬೇಡ.

ರೋಗಿಗಳನ್ನು ನೋಡುವ ಹೊತ್ತು ನಾಲ್ಕರಿಂದ ಆರು. ಬಾಗಿಲು ಮುಚ್ಚಿರುತ್ತದೆ, ಚಿಲಕ ಹಾಕಿರುವುದಿಲ್ಲ. ಬರುವುದಾದರೆ ಒಂದು ಮಾತು ನೆನಪಿಟ್ಟುಕೋ. ಅದು ಮರದ ಬಾಗಿಲು. ಬಡಿಯಬೇಡ, ಸುಮ್ಮನೆ ಒಳಗೆ ಬಾ.

ಅಣ್ಣ